ಬುಧವಾರದ ಚಂದ್ರ

"ಯಾರ್ರೀ ಅದು ಏಣಿ ಮೇಲೆ? ತಂತಿ ಬಿಡ್ರಿ!... ಅಯ್ಯೋ ಬೇಡ, ಬಿಡಬೇಡಿ! ಎರಡೂ ತುದಿ ಸೇರಿಸಿ ಹಿಡ್ಕೊಳ್ಳಿ! ಹಾಗೇ... ಇಳೀಬೇಡಿ!"

ಅಂದು ಬುಧವಾರ. ಸೂರ್ಯ ಹುಟ್ಟಲು ಇನ್ನೂ ಒಂದು ಗಂಟೆಯಿತ್ತು. ಇಬ್ಬನಿಯಲ್ಲಿ ತೊಯ್ದ ಹುಲ್ಲುಗಾವಲಿನ ಮೇಲೆ ಅವಳು ಬರಿಗಾಲಲ್ಲಿ ಓಡಿ ಬಂದಿದ್ದಳು. ಕೊರಳಲ್ಲಿ ಹೆಡ್‌ಫೋನ್ ಜೋತಾಡುತ್ತಿತ್ತು. ಮೂರನೆಯ ಕಂಬಕ್ಕೆ ಒರಗಿಸಿದ ಏಣಿಯ ಮೇಲೆ, ಹಣೆಗೆ ಟಾರ್ಚ್ ಕಟ್ಟಿಕೊಂಡ ಅಪರಿಚಿತನೊಬ್ಬ, ಅವಳ ತಾಮ್ರದ ತಂತಿಯ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ತಬ್ಬಿಬ್ಬಾಗಿ ನಿಂತಿದ್ದ.

"ಮೇಡಂ, ನಾನು ಕೇಂದ್ರ ಕಚೇರಿಯಿಂದ..."

"ನೀವು ಇಂದ್ರಲೋಕದಿಂದ ಬಂದಿದ್ರೂ ಅಷ್ಟೇ! ಸೇರಿಸಿ ಹಿಡೀರಿ ಅಂದೆ!"

ಅವನು ಹಿಡಿದ. ಅವಳು ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದಳು.

ನಾಲ್ಕು ಕಬ್ಬಿಣದ ಕಂಬ, ಅವುಗಳ ನಡುವೆ ಎರಡು ತಂತಿ, ಹುಲ್ಲುಗಾವಲಿನ ಮೂಲೆಯಲ್ಲಿ ತಗಡಿನ ಛಾವಣಿಯ ಒಂದು ಕೋಣೆ. ಇಷ್ಟೇ ಅವಳ ವೀಕ್ಷಣಾ ಕೇಂದ್ರ. ಗುರುಗ್ರಹದ ಕಡೆಯಿಂದ ಬರುವ ರೇಡಿಯೋ ಸದ್ದನ್ನು ಆ ತಂತಿಗಳು ಹಿಡಿಯುತ್ತಿದ್ದವು. ಅವಳು ಕೇಳಿ, ಬರೆದಿಡುತ್ತಿದ್ದಳು.

ಹೆಡ್‌ಫೋನಿನಲ್ಲಿ ಸದ್ದು ಮತ್ತೆ ಎದ್ದಿತು. ಬೆಳೆದ ಜೋಳದ ಹೊಲಕ್ಕೆ ಗಾಳಿ ನುಗ್ಗಿದ ಹಾಗೆ... ಏರಿ, ಇಳಿದು, ಮತ್ತೆ ಏರಿ...

ಹದಿಮೂರು ನಿಮಿಷ! ಸದ್ದು ಪೂರ್ತಿ ಅಡಗಿದ ಮೇಲೆ ಸಮಯ ಬರೆದು, ಗೆರೆ ಎಳೆದು, ಆಮೇಲೆ ಅವಳಿಗೆ ಏಣಿಯ ಮೇಲಿನ ಮನುಷ್ಯನ ನೆನಪಾಯಿತು.

ಅವನು ಅಲ್ಲೇ ಇದ್ದ. ಎರಡು ತುದಿಗಳೂ ಇನ್ನೂ ಸೇರಿಯೇ ಇದ್ದವು. ಬಲಗೈ ಹೆಬ್ಬೆರಳನ್ನು ತಂತಿ ಕೊಯ್ದು ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು.

"ಈಗ ಇಳೀಬಹುದಾ?" ಎಂದ.

"ತುದಿ ಯಾಕೆ ಬಿಚ್ಚಿದ್ರಿ?"

"ಕಿಲುಬು ಹಿಡಿದಿತ್ತು, ಒರೆಸೋಣ ಅಂತ. ವೇಳಾಪಟ್ಟಿ ನೋಡ್ಕೊಂಡೇ ಬಂದೆ ಮೇಡಂ. ಈ ಹೊತ್ತಲ್ಲಿ ಏನೂ ಸದ್ದು ಬರಲ್ಲ ಅಂತಿತ್ತು!"

"ಅದಕ್ಕೇ ನಾನು ಕೇಳ್ತಿರೋದು!" ಎಂದಳು ಅವಳು. ಇನ್ನೂ ಬೈಯಬೇಕೆಂದುಕೊಂಡಿದ್ದವಳು ಆ ರಕ್ತ ಕಂಡು ಬಟ್ಟೆ ತರಲು ಕೋಣೆಯ ಕಡೆ ತಿರುಗಿದಳು. 'ಇಷ್ಟು ಕೊಯ್ದರೂ ಬಿಡಲಿಲ್ಲವಲ್ಲ ಈ ಮನುಷ್ಯ...'

* * *

ಅವನ ಕೆಲಸ ವಿಚಿತ್ರವಾದದ್ದು. ಕೈಯಲ್ಲಿ ಹಿಡಿಯುವ ಒಂದು ಆಂಟೆನಾ ತೆಗೆದುಕೊಂಡು, ಹಳೇ ವ್ಯಾನಿನಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ತಿರುಗಿ, ಆಕಾಶದ ಸದ್ದಿಗೆ ಭೂಮಿಯ ಯಾವ ಗದ್ದಲ ಬೆರೆಯುತ್ತಿದೆ ಎಂದು ಪತ್ತೆ ಹಚ್ಚುವುದು. ಟ್ಯೂಬ್‌ಲೈಟು, ಚಾರ್ಜರು, ಪಂಪ್‌ಸೆಟ್ಟು, ದನ ತಡೆಯುವ ಸೋಲಾರ್ ಬೇಲಿ... ಎಲ್ಲದರ ಗದ್ದಲವೂ ಅವನಿಗೆ ಕಿವಿಯಲ್ಲೇ ಗೊತ್ತು. ಕಚೇರಿಯಲ್ಲಿ ಎಲ್ಲರೂ ಅವನನ್ನು ಗದ್ದಲ ಎಂದೇ ಕರೆಯುತ್ತಿದ್ದರು.

"ನಿಮ್ಮನ್ನ ಯಾಕೆ ಕಳಿಸಿದಾರೆ ಅಂತ ನನಗೆ ಗೊತ್ತು," ಎಂದಳು ಅವಳು, ಹೆಬ್ಬೆರಳಿಗೆ ಬಟ್ಟೆ ಸುತ್ತುತ್ತಾ. "ನಾನು ಹೇಳ್ತಿರೋದೆಲ್ಲ ಗದ್ದಲ ಅಂತ ಬರೆಯೋಕೆ. ಆಮೇಲೆ ಈ ಕಂಬ ಕಿತ್ಕೊಂಡು ಹೋಗೋಕೆ."

"ಗದ್ದಲ ಇದ್ರೆ ಬರೀತೀನಿ. ಇಲ್ಲದಿದ್ರೆ ಇಲ್ಲ ಅಂತ ಬರೀತೀನಿ."

"ನೋಡೋಣ!"

ಮೂರು ವರ್ಷದ ಹಿಂದೆ, ಭೌತಶಾಸ್ತ್ರದ ಪದವಿ ಹಿಡಿದು ಊರಿಗೆ ಮರಳಿದವಳಿಗೆ ಈ ಕೆಲಸ ಸಿಕ್ಕಿತ್ತು. ಗುರುವಿನ ಸುತ್ತ ತಿರುಗುವ ಐಯೋ ಎಂಬ ಚಂದ್ರನಿಂದ ಏಳುವ ಸದ್ದು ಜಗತ್ತಿಗೆಲ್ಲ ಗೊತ್ತಿದ್ದದ್ದು; ಅದಕ್ಕೆ ವೇಳಾಪಟ್ಟಿಯೇ ಇತ್ತು. ಆ ಪಟ್ಟಿಯಂತೆ ಕೇಳಿ ಬರೆದರೆ ಸಾಕಿತ್ತು. ಅವಳು ಪಟ್ಟಿಯ ಹೊರಗೂ ಕೇಳಿದಳು. ಪ್ರತಿ ವರ್ಷ ಗುರು ಬೆಳಗಿನ ಜಾವ ಚೆನ್ನಾಗಿ ಕೇಳಿಸುವ ಹತ್ತು ವಾರ, ಒಂದು ದಿನವೂ ತಪ್ಪದೆ. ಎರಡು ವರ್ಷದ ಪುಸ್ತಕ ಮುಂದಿಟ್ಟುಕೊಂಡು, ಹೆಚ್ಚುಕಡಿಮೆ ಏಳು ದಿನಕ್ಕೊಮ್ಮೆ ಇನ್ನೊಂದು ಸದ್ದು ಬರುತ್ತಿದೆ ಎಂದಳು. ಅದು ಗ್ಯಾನಿಮೀಡ್ ಎಂಬ ಮತ್ತೊಂದು ಚಂದ್ರನದು ಎಂದಳು.

ಕಚೇರಿಯ ಮುಖ್ಯಸ್ಥರು ನಕ್ಕಿದ್ದರು. ಅಷ್ಟು ಕ್ಷೀಣವಾದ ಸದ್ದು ಎರಡು ತಂತಿಗೆ ಸಿಕ್ಕೀತೇ? ಈ ತಿಂಗಳ ಕೊನೆಗೆ ತೀರ್ಮಾನ ಎಂದಿದ್ದರು. ಸಾಬೀತಾದರೆ ಕೇಂದ್ರ ಉಳಿಯುತ್ತದೆ. ಇಲ್ಲದಿದ್ದರೆ ಬೀಗ.

* * *

ಹುಲ್ಲುಗಾವಲಿನ ಆಚೆ ಬದಿಗೆ ಊರಿನ ಹಾಲಿನ ಡೈರಿ. ಅವಳ ಅಮ್ಮ ಅದರ ಕಾರ್ಯದರ್ಶಿ. ಹಾಲು ತಣಿಸುವ ದೊಡ್ಡ ಟ್ಯಾಂಕು, ಅದಕ್ಕೊಂದು ಹಳೆಯ ಮೋಟರು, ಗೋಡೆಗೆ ನೇತುಹಾಕಿದ ರಿಜಿಸ್ಟರು. ಮನೆ ಡೈರಿಯ ಬೆನ್ನಿಗೇ ಅಂಟಿಕೊಂಡಿತ್ತು. ಅವಳು ಹುಟ್ಟಿದ್ದು, ಬೆಳೆದದ್ದು ಆ ಮೋಟರಿನ ಸದ್ದಿನಲ್ಲೇ.

"ಬಾಪ್ಪಾ, ಕೂತ್ಕೋ," ಎಂದು ಅಮ್ಮ ಅವನ ಮುಂದೆ ಬಿಸಿ ಹಾಲು ಇಟ್ಟಳು. "ನನ್ನ ಮಗಳು ನಿನ್ನ ಏಣಿ ಮೇಲೆ ನಿಲ್ಲಿಸಿದ್ಲಂತೆ? ಪುಣ್ಯ ಮಾಡಿದೀಯ. ನೋಡೋಕೆ ಬಂದ ಗಂಡುಗಳನ್ನ ಗೇಟಿನ ಹತ್ರಾನೇ ನಿಲ್ಲಿಸಿ ಕಳಿಸಿದಾಳೆ. ನೀನು ಅಷ್ಟು ಮೇಲಕ್ಕಾದ್ರೂ ಹತ್ತಿದೆ."

"ಅಮ್ಮಾ!"

"ಏನು ಅಮ್ಮಾ? ನೆಲದ ಮೇಲಿನವರು ಯಾರೂ ಸಾಲಲ್ಲ ಅಂತ ಮೇಲೆ ಹುಡುಕ್ತಿದೀಯಲ್ಲ, ಅದನ್ನೇ ಹೇಳ್ದೆ."

ಅವನು ಹಾಲಿನ ಲೋಟದೊಳಗೆ ನಕ್ಕ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೇನೋ ಬಂತು. ಅದಕ್ಕೂ ಸಿಟ್ಟು ಬಂತು!

ದಿನಾ ಬೆಳಗಿನ ಜಾವ ಅವಳು ಕೋಣೆಯಲ್ಲಿ ಕೂತರೆ, ಅವನು ತನ್ನ ಆಂಟೆನಾ ಹಿಡಿದು ಹುಲ್ಲಿನಲ್ಲಿ ಅಲೆಯುತ್ತಿದ್ದ. ಹೊತ್ತು ಮೂಡಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂರುತ್ತಿದ್ದರು.

"ಅಲ್ಲ, ಚಂದ್ರನಿಂದ ಸದ್ದು ಹೇಗೆ ಬರುತ್ತೆ?" ಎಂದು ಒಂದು ದಿನ ಕೇಳಿದ. "ನನಗೆ ಪಂಪ್‌ಸೆಟ್ ಆದ್ರೆ ಅರ್ಥ ಆಗುತ್ತೆ."

ಅವಳು ಬಕೆಟ್ಟಿನ ನೀರಿಗೆ ಕೈಹಾಕಿ ಗರಗರ ತಿರುಗಿಸಿದಳು.

"ಈ ನೀರು ಗುರುವಿನ ಕಾಂತವಲಯ ಅಂದ್ಕೊಳ್ಳಿ. ಗ್ರಹ ಹತ್ತು ಗಂಟೆಗೊಂದು ಸುತ್ತು ತಿರುಗುತ್ತೆ, ಅದನ್ನೂ ಎಳ್ಕೊಂಡು ತಿರುಗುತ್ತೆ. ಚಂದ್ರರು ಅಷ್ಟು ಬೇಗ ಓಡಲ್ಲ. ಹಾಗಾಗಿ ಈ ಸುಳಿ ಹಿಂದಿನಿಂದ ಬಂದು ಅವರಿಗೆ ಬಡೀತಾನೇ ಇರುತ್ತೆ." ತಿರುಗುವ ನೀರಿನಲ್ಲಿ ಅವಳು ಒಂದು ಬೆರಳು ನಿಲ್ಲಿಸಿದಳು. ಬೆರಳಿನಿಂದ ಹೊರಟ ಅಲೆ ಬಕೆಟ್ಟಿನ ಗೋಡೆ ಮುಟ್ಟಿತು. "ನೋಡಿದ್ರಾ? ಅಲ್ಲೂ ಹಾಗೇ. ಚಂದ್ರ ಅಡ್ಡ ನಿಂತಲ್ಲಿಂದ ಅಲೆ ಹೋಗಿ ಗ್ರಹಕ್ಕೆ ಮುಟ್ಟುತ್ತೆ. ವಿದ್ಯುತ್ತು ಹರಿಯುತ್ತೆ. ಗ್ರಹದ ಧ್ರುವದ ಹತ್ರ ಬೆಳಕಿನ ಚುಕ್ಕೆ ಮೂಡುತ್ತೆ. ರೇಡಿಯೋ ಸದ್ದು ಏಳುತ್ತೆ."

"ಮತ್ತೆ ಐಯೋನೇ ಯಾಕೆ ಎಲ್ರಿಗೂ ಕೇಳ್ಸುತ್ತೆ?"

"ಅವಳು ಬಾಯಿಬಡುಕಿ! ಹತ್ತಿರದಲ್ಲಿದಾಳೆ, ಮೈತುಂಬ ಜ್ವಾಲಾಮುಖಿ. ಉಗುಳಿದ್ದನ್ನೆಲ್ಲ ಗುರುವಿನ ವಲಯ ಹೊತ್ಕೊಂಡು ತಿರುಗಬೇಕು. ಗ್ಯಾನಿಮೀಡ್ ಹಾಗಲ್ಲ..." ಅವಳ ದನಿ ತಾನಾಗಿ ಇಳಿಯಿತು. "ಅವಳಿಗೆ ತನ್ನದೇ ಕಾಂತಕ್ಷೇತ್ರ ಇದೆ. ನಮಗೆ ತಿಳಿದ ಚಂದ್ರರಲ್ಲಿ ಇನ್ಯಾರಿಗೂ ಇಲ್ಲ. ಅಷ್ಟು ದೊಡ್ಡವನ ಅಂಗಳದಲ್ಲಿ ನಿಂತು, ಅವನ ಸುಳಿ ದಿನಾ ಬಂದು ಬಡಿದ್ರೂ, ತನ್ನ ಸುತ್ತ ಒಂದು ಪುಟ್ಟ ಮನೆ ಕಟ್ಕೊಂಡಿದಾಳೆ. ಸುಳಿಯೇ ಪಕ್ಕಕ್ಕೆ ಸರಿದು ಹೋಗ್ಬೇಕು."

ಅವನು ಬಕೆಟ್ಟು ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಏನು?"

"ಏನಿಲ್ಲ. ಆ ಚಂದ್ರನ್ನ ನಾನು ಎಲ್ಲೋ ನೋಡಿದೀನಿ ಅನ್ನಿಸ್ತು."

ಆ ಇಡೀ ದಿನ ಅವಳು ಬರೆದ ಅಂಕಿಗಳಲ್ಲಿ ಮೂರು ತಪ್ಪಿದ್ದವು.

* * *

ಮುಂದಿನ ಬುಧವಾರ ಸದ್ದು ಮತ್ತೆ ಬಂತು! ಕ್ಷೀಣವಾಗಿ, ಬರೀ ನಾಲ್ಕು ನಿಮಿಷ. ಅವಳು ಕುಣಿಯುತ್ತಾ ಹೊರಗೆ ಬಂದರೆ ಅವನು ಹುಲ್ಲುಗಾವಲಿನಲ್ಲಿ ಇರಲಿಲ್ಲ. ತನ್ನ ಆಂಟೆನಾ ಹಿಡಿದು ಡೈರಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಟ್ಯಾಂಕು ಬರಿದು ಮಾಡಿ ಬ್ರಷ್ಷು ಹಾಕಿ ತಿಕ್ಕುತ್ತಿದ್ದರು. ಅವನ ಮುಖ ಬಿಳಿಚಿತ್ತು.

"ಕೇಳ್ತಾ?" ಎಂದು ಕೂಗಿದಳು.

"ಕೇಳ್ತು," ಎಂದ. ಅಷ್ಟೇ. ಆ ದಿನ ಅವನು ಹಾಲು ಕುಡಿಯಲೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮುಖ್ಯಸ್ಥರ ಫೋನು.

"ಏನಮ್ಮಾ, ನಿನ್ನ ಚಂದ್ರ ಸಿಕ್ಕಿದ ಅಂತೆ! ಹಾಲಿನ ಡೈರಿಯಲ್ಲಿ!" ಆ ಕಡೆ ಇನ್ನೂ ಯಾರೋ ನಗುವುದು ಕೇಳಿಸಿತು. "ನಮ್ಮ ಗದ್ದಲ ವರದಿ ಕಳಿಸಿದಾನೆ. ಪ್ರತಿ ಬುಧವಾರ ಬೆಳಗಿನ ಜಾವ ಟ್ಯಾಂಕು ತೊಳೀತಾರೆ, ಮೋಟರು ನಿಲ್ಲಿಸ್ತಾರೆ. ಅವತ್ತು ಮಾತ್ರ ನಿಮ್ಮಲ್ಲಿ ನಿಶ್ಶಬ್ದ. ಅದಕ್ಕೇ ಅವತ್ತು ಮಾತ್ರ ನಿಂಗೆ ಏನೇನೋ ಕೇಳ್ಸುತ್ತೆ. ಏಳು ದಿನಕ್ಕೊಮ್ಮೆ! ಸೋಮವಾರ ಲಾರಿ ಬರುತ್ತೆ, ಕಂಬ ಇಳಿಸಿ ಕೊಡಿ."

ಫೋನು ಕೆಳಗಿಟ್ಟ ಅವಳಿಗೆ ಆ ಹೊತ್ತಿನಲ್ಲಿ ಕೇಳಿಸಿದ್ದು ಒಂದೇ. ಗೋಡೆಯ ಆಚೆ ಮೋಟರು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದದ್ದು. ತಾನು ಎರಡು ವರ್ಷ ಆಕಾಶದ ಹಿನ್ನೆಲೆ ಎಂದು ಬರೆದದ್ದು ಈ ಮೋಟರನ್ನು! ಬೇರೆ ಯಾರೇ ಬಂದು ಕೂತಿದ್ದರೂ ಮೊದಲ ದಿನವೇ ಕೇಳಿಸುತ್ತಿತ್ತು. ತನಗೆ ಮಾತ್ರ ಕೇಳಿಸಲಿಲ್ಲ.

ಬುಧವಾರ ಚಂದ್ರ ಮಾತಾಡಿರಲಿಲ್ಲ. ಉಳಿದ ಆರು ದಿನ ಮೋಟರು ಮಾತಾಡಿತ್ತು...

ಅವನು ವ್ಯಾನಿಗೆ ಸಾಮಾನು ತುಂಬುತ್ತಿದ್ದ.

"ಬುಧವಾರವೇ ಗೊತ್ತಾಗಿತ್ತು, ಅಲ್ವಾ?"

ಅವನು ತಲೆ ಎತ್ತಲಿಲ್ಲ. "ಹೂಂ."

"ಮೂರು ದಿನ! ಈ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ನನ್ನ ಚಂದ್ರನ ಕಥೆ ಕೇಳಿ, ನಮ್ಮಮ್ಮ ಕೊಟ್ಟ ಹಾಲು ಕುಡಿದು... ಒಂದು ಮಾತು ನನಗೆ ಮೊದಲು ಹೇಳೋಕೆ ಆಗಲಿಲ್ವಾ?"

"ವರದಿ ಹೋಗೋವರೆಗೂ ಕೇಂದ್ರದವರಿಗೆ ಹೇಳೋ ಹಾಗಿಲ್ಲ. ನಮ್ಮ ಕೆಲಸದ ನಿಯಮ ಅದು. ಹೇಳಿದ್ರೆ ಅವರು ಗದ್ದಲ ಮುಚ್ಚಿಡ್ತಾರೆ ಅಂತ..."

"ನಾನು ಮುಚ್ಚಿಡೋಳಾ?!"

"ಅಲ್ಲ. ಗೊತ್ತು. ಅದಕ್ಕೇ ಇನ್ನೂ ಕಷ್ಟ ಆಯ್ತು. ಕೇಳಿ, ಆ ವರದಿಯಲ್ಲಿ ಎರಡನೇ ಪುಟ..."

"ಬೇಡ! ಮೊದಲನೇ ಪುಟ ಸಾಕು. ಎಲ್ಲರೂ ನಕ್ಕಾಯ್ತು. ಹೊರಡಿ."

 ಅವಳ ಕಣ್ಣು ನೋಡಿ ಅವನು ವ್ಯಾನು ಹತ್ತಿದ. ವ್ಯಾನು ಮಣ್ಣಿನ ದಾರಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಳಲಿಲ್ಲ. ಮರೆಯಾದ ಮೇಲೂ ಅಳಲಿಲ್ಲ. ಹಲ್ಲು ಕಚ್ಚಿ ನೇರ ಡೈರಿಯೊಳಗೆ ಹೋದಳು.

"ಅಮ್ಮಾ, ಟ್ಯಾಂಕು ತೊಳೆದ ರಿಜಿಸ್ಟರ್ ಕೊಡು. ಎರಡು ವರ್ಷದ್ದೂ."

* * *

ಮಧ್ಯಾಹ್ನವೆಲ್ಲ ಅವಳು ನೆಲದ ಮೇಲೆ ಎರಡು ಪುಸ್ತಕ ಹರಡಿಕೊಂಡು ಕೂತಳು. ಒಂದರಲ್ಲಿ ತನ್ನ ಸದ್ದು. ಇನ್ನೊಂದರಲ್ಲಿ ಅಮ್ಮನ ದುಂಡು ಅಕ್ಷರ: 'ಬುಧವಾರ, ತೊಳೆದಿದೆ. ಬುಧವಾರ, ತೊಳೆದಿದೆ.' ಪ್ರತಿ ಸಾಲೂ ಅವಳ ಎದೆಗೆ ಕಲ್ಲು ಎಸೆದಂತಿತ್ತು. ಅವಳು ತನ್ನ ಪುಸ್ತಕದಲ್ಲಿ ಒಂದೊಂದಾಗಿ ಕೆಂಪು ಗೆರೆ ಎಳೆದಳು. ಇದು ಡೈರಿ... ಇದೂ ಡೈರಿ...

ಆಮೇಲೆ ಒಂದು ಸಾಲು. 'ಬುಧವಾರ, ನೀರು ಬಂದಿಲ್ಲ. ತೊಳೆದಿಲ್ಲ.'

ಅವಳ ಕೈ ನಿಂತಿತು. ಆ ಬುಧವಾರ ಮೋಟರು ಓಡುತ್ತಲೇ ಇತ್ತು, ಹಾಗಾದರೆ. ತನ್ನ ಪುಸ್ತಕ ತೆಗೆದು ನೋಡಿದಳು.

ಸದ್ದು ಇತ್ತು.

ಅಂಥ ಬುಧವಾರಗಳು ಎರಡು ವರ್ಷದಲ್ಲಿ ಮೂರು. ಅವುಗಳಲ್ಲಿ ಎರಡರಲ್ಲಿ ಸದ್ದು ಇತ್ತು. ಮೋಟರಿನ ಗದ್ದಲವನ್ನೂ ಸೀಳಿಕೊಂಡು ಬಂದಿತ್ತು!

'ಎರಡು. ಬರೀ ಎರಡು. ಆದರೆ ಎರಡೂ ಡೈರಿಯದಲ್ಲ!'

ಸಂಜೆ ಅವಳೇ ಮುಖ್ಯಸ್ಥರಿಗೆ ಫೋನು ಮಾಡಿದಳು.

"ಸರ್, ನಾನು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ಎಲ್ಲಿ ತಪ್ಪು ಅಂತ ಪಟ್ಟಿ ಮಾಡಿ ಕಳಿಸಿದೀನಿ. ಮಿಕ್ಕದ್ದು ಮಾತ್ರ ಬಿಡಲ್ಲ."

"ಏನು ಮಿಕ್ಕಿದೆ?"

"ಎರಡು ಬುಧವಾರ."

"ಎರಡು ಬುಧವಾರ ಇಟ್ಕೊಂಡು ಏನು ಮಾಡ್ತೀಯಮ್ಮಾ? ಹಠ ಮಾಡ್ಬೇಡ. ಕಚೇರಿಗೆ ಬಾ, ಮೇಜಿನ ಕೆಲಸ ಇದೆ. ದೊಡ್ಡ ಸಂಸ್ಥೆಯ ನೆರಳಲ್ಲಿ ಇರೋದು ಕಲಿ."

"ನೆರಳಲ್ಲಿ ಇರೋರೆಲ್ಲ ಕರಗಿ ಹೋಗ್ಬೇಕು ಅಂತೇನಿಲ್ಲ, ಸರ್."

ಸೋಮವಾರ ಲಾರಿ ಬಂತು. ನಾಲ್ಕು ಕಂಬ ಕಿತ್ತರು, ತಂತಿ ಸುತ್ತಿದರು, ರಿಸೀವರ್ ಪೆಟ್ಟಿಗೆ ಹೊತ್ತರು. ಅವಳು ಕೈಕಟ್ಟಿ ನಿಂತು ನೋಡಿದಳು. ಲಾರಿಯ ಮೇಲ್ವಿಚಾರಕ ಹಾಳೆ ಚಾಚಿದ. "ಇಲ್ಲಿ ಸಹಿ ಹಾಕಿ. ಕೇಂದ್ರ ಮುಚ್ಚಿದೆ ಅಂತ."

"ಕಂಬ ಕೊಟ್ಟಿದೀನಿ ಅಂತ ಬರ್ಕೊಳ್ಳಿ, ಸಹಿ ಹಾಕ್ತೀನಿ. ಮುಚ್ಚಿದೆ ಅಂತ ಹಾಕಲ್ಲ."

"ಎರಡಕ್ಕೂ ಏನು ವ್ಯತ್ಯಾಸ ಅಕ್ಕಾ?"

"ಕಂಬ ಅವರದು. ಹುಲ್ಲುಗಾವಲು ನಮ್ಮಮ್ಮಂದು. ಗುರು ಯಾರದ್ದೂ ಅಲ್ಲ!"

* * *

ಲಾರಿ ಹೋದ ಮೇಲೆ ನಾಲ್ಕು ಗುಂಡಿಗಳು ಉಳಿದವು. ಅಮ್ಮ ಬಂದು ಮಗಳ ಪಕ್ಕ ನಿಂತಳು.

"ಈಗೇನು?"

"ಗುಂಡಿ ಹೇಗೂ ಇದಾವಲ್ಲ. ಕೊಟ್ಟಿಗೆ ಹಿಂದೆ ಮರದ ಕಂಬ ಬಿದ್ದಿದಾವೆ. ನಿಲ್ಲಿಸ್ತೀನಿ."

"ತಂತಿ?"

"ಸುಟ್ಟುಹೋದ ಪಂಪ್ ಮೋಟರ್ ಒಂದಿದೆಯಲ್ಲ, ಬಿಚ್ಚಿದ್ರೆ ಒಳಗೆಲ್ಲ ತಾಮ್ರಾನೇ."

"ಕೇಳೋ ಪೆಟ್ಟಿಗೆ?"

ಅವಳು ಲಾರಿ ಹೋದ ದಾರಿಯ ಕಡೆ ನೋಡಿದಳು. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದಳು.

"ಆ ಹುಡುಗ ಇಟ್ಟು ಹೋದ. ಅವಳು ಕೇಳಿದ್ರೆ ಮಾತ್ರ ಕೊಡಿ, ಕೇಳದಿದ್ರೆ ಕೊಡ್ಬೇಡಿ ಅಂದ. ಈಗ ನೀನು ಕೇಳಿದ ಹಾಗೇ ಲೆಕ್ಕ."

ಒಳಗೆ ಒಂದು ರಿಸೀವರ್. ಅಂಗಡಿಯದಲ್ಲ. ಕೈಯಲ್ಲಿ ಬೆಸುಗೆ ಹಾಕಿದ್ದು, ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿದ್ದು.

"ಇನ್ನೊಂದು ವಿಷಯ," ಎಂದಳು ಅಮ್ಮ. "ಶುಕ್ರವಾರ ನೀನು ಪೇಟೆಗೆ ಹೋಗಿದ್ದಾಗ ನಾಲ್ಕು ಗಂಟೆ ನಮ್ಮ ಮೋಟರ್ ಬಿಚ್ಕೊಂಡು ಕೂತಿದ್ದ. ಏನೋ ಕೂರಿಸಿದಾನೆ. ಓಡೋದು ಹಾಗೇ ಓಡುತ್ತೆ, ನಿನ್ನ ಪೆಟ್ಟಿಗೆಗೆ ಮಾತ್ರ ಇನ್ಮೇಲೆ ಕೇಳ್ಸಲ್ಲವಂತೆ."

ಡಬ್ಬಿಯ ಕೆಳಗೆ ಒಂದು ಹಾಳೆ. ಎರಡನೇ ಪುಟದ ಪ್ರತಿ.

'ಮೋಟರಿನ ಗದ್ದಲ ನಿವಾರಿಸಲಾಗಿದೆ. ಆದ್ದರಿಂದ ಕೇಂದ್ರ ಮುಚ್ಚಬಾರದೆಂದು ವಿನಂತಿ. ಡೈರಿಯ ವಾರಕ್ಕೆ ಸರಿಯಾಗಿ ಏಳು ದಿನ. ಗ್ಯಾನಿಮೀಡ್ ನಮಗೆ ಅದೇ ಜಾಗದಲ್ಲಿ ಮತ್ತೆ ಕಾಣಲು ಏಳು ದಿನದ ಮೇಲೆ ಸುಮಾರು ನಾಲ್ಕು ಗಂಟೆ. ಈ ಬುಧವಾರ ಕೇಳಿದ ನಾಲ್ಕು ನಿಮಿಷ ಅದರ ಬಾಲವಿರಬಹುದು; ವಾರವಾರ ನಾಲ್ಕು ಗಂಟೆ ಜಾರಿದರೆ, ಇನ್ನು ನಡುವಿನ ಬೆಳಗಿನ ಜಾವಗಳಲ್ಲಿ ಏನೂ ಕೇಳಿಸಬಾರದು. ನಾನು ಏಣಿ ಹತ್ತಿದ ಬುಧವಾರದಿಂದ ಆರು ವಾರಕ್ಕೆ ಒಂದು ಪೂರ್ತಿ ದಿನ ಜಾರಿ, ಗುರುವಾರ ಬೆಳಗಿನ ಜಾವ ಮತ್ತೆ ಕೇಳಿಸಬೇಕು. ಅಲ್ಲಿಯವರೆಗೆ ಕಾಯಬೇಕು. ವೀಕ್ಷಕರ ಪುಸ್ತಕ ನಾನು ನೋಡಿದ ಎಲ್ಲ ಪುಸ್ತಕಗಳಿಗಿಂತ ಪ್ರಾಮಾಣಿಕವಾಗಿದೆ. ನನ್ನ ಆಸೆ ಏನೆಂದು ಬರೆಯಲು ಈ ವರದಿಯಲ್ಲಿ ಜಾಗವಿಲ್ಲ.'

ಕೊನೆಯ ಸಾಲನ್ನು ಅವಳು ಮೂರು ಸಲ ಓದಿದಳು. ಮುಖ್ಯಸ್ಥರು ಈ ಪುಟ ತಿರುವಿರಲೇ ಇಲ್ಲ. ತಾನೂ ತಿರುವಿರಲಿಲ್ಲ.

"ಫೋನ್ ಮಾಡು," ಎಂದಳು ಅಮ್ಮ.

"ಮಾಡಲ್ಲ."

"ಯಾಕೆ? ಇನ್ನೂ ಸಿಟ್ಟಾ?"

"ಸಿಟ್ಟಿಲ್ಲ. ಕ್ಷಮಿಸಿ ಅಂತ ಬರಿಗೈಯಲ್ಲಿ ಹೋಗಿ ನಿಂತ್ಕೊಳ್ಳಲ್ಲ. ಗುರುವಾರ ಬರಲಿ."

* * *

ಮರದ ಕಂಬ ನಿಂತವು. ಪಂಪ್ ಮೋಟರಿನಿಂದ ಬಿಚ್ಚಿದ ತಂತಿ, ಅಲ್ಲಲ್ಲಿ ಗಂಟು ಹಾಕಿದ್ದು, ಮೇಲೇರಿತು. ಡೈರಿಗೆ ಹಾಲು ತರುವವರು ನಿಂತು ನೋಡಿ, "ತಂತಿಯಕ್ಕಾ, ಬಟ್ಟೆ ಒಣಗಿಸೋಕಾ?" ಎಂದು ನಗುತ್ತಿದ್ದರು. "ಹೂಂ, ನಿಮ್ಮ ಮಾನ ಒಣಗಿಸೋಕೆ!" ಎನ್ನುತ್ತಿದ್ದಳು.

ಮೂರನೆಯ ಬುಧವಾರ. ಏನೂ ಇಲ್ಲ.

ಪಟ್ಟಿಯಂತೆ ಐಯೋ ಬಂದಳು, ಗಲಾಟೆ ಮಾಡಿ ಹೋದಳು. ತಂತಿ ಕೆಲಸ ಮಾಡುತ್ತಿದೆ, ಅಷ್ಟು ಖಾತ್ರಿಯಾಯಿತು. ಗ್ಯಾನಿಮೀಡಿನ ಜಾಗ ಖಾಲಿ. ಅವಳು ಆ ಖಾಲಿ ಹಾಳೆಯನ್ನೇ ಮಡಚಿ ಅವನ ವಿಳಾಸಕ್ಕೆ ಅಂಚೆಗೆ ಹಾಕಿದಳು. ಒಂದಕ್ಷರ ಬರೆಯಲಿಲ್ಲ.

ಮೂರು ದಿನಕ್ಕೆ ಕಾರ್ಡು ಬಂತು. 'ಸಿಕ್ಕಿತು.'

ನಾಲ್ಕನೆಯ ಬುಧವಾರ, ಖಾಲಿ. ಕಾರ್ಡು: 'ಸಿಕ್ಕಿತು. ಕೈಗೆ ಗಾಯ ಮಾಡಿಕೊಳ್ಳಬೇಡಿ, ಹಳೇ ತಂತಿ ಕೊಯ್ಯುತ್ತದೆ.'

ಐದನೆಯ ಬುಧವಾರ, ಖಾಲಿ. ಖಾಲಿ ಬರಬೇಕು ಎಂದು ಗೊತ್ತಿದ್ದರೂ, ಖಾಲಿ ಹಾಳೆಯ ಮುಂದೆ ಬೆಳಗಿನ ಜಾವ ಕೂರುವುದು ಸುಲಭವಲ್ಲ. 'ಇನ್ನು ಬರಲೇ ಬಾರದಿದ್ದರೆ? ಆ ಎರಡು ಬುಧವಾರವೂ ಸುಳ್ಳಾಗಿದ್ದರೆ?' ಮುಖ್ಯಸ್ಥರ ಮೇಜಿನ ಕೆಲಸ ಕಣ್ಣ ಮುಂದೆ ಬರುತ್ತಿತ್ತು. ಅವಳು ತಣ್ಣೀರಿನಲ್ಲಿ ಮುಖ ತೊಳೆದು ಮತ್ತೆ ಹೆಡ್‌ಫೋನು ಏರಿಸುತ್ತಿದ್ದಳು.

ಕಾರ್ಡು: 'ಸಿಕ್ಕಿತು. ಖಾಲಿ ಹಾಳೆಯನ್ನೂ ಪ್ರಾಮಾಣಿಕವಾಗಿ ಕಳಿಸುವವರನ್ನು ನಾನು ಬೇರೆ ಕಂಡಿಲ್ಲ.'

ಆರನೆಯ ಬುಧವಾರ, ಖಾಲಿ.

ಏಳನೆಯ ಬುಧವಾರ ಬಂತು. ಅವನು ಏಣಿ ಹತ್ತಿ ಸರಿಯಾಗಿ ಆರು ವಾರ. ಟ್ಯಾಂಕು ತೊಳೆದರು, ಮೋಟರು ನಿಂತಿತ್ತು. ಡೈರಿಯ ಸದ್ದೇ ಆಗಿದ್ದರೆ ಈ ದಿನ ಬರಬೇಕಿತ್ತು. ಬರಲಿಲ್ಲ!

ಮಾರನೆಯ ದಿನ ಗುರುವಾರ. ಬೆಳಗಿನ ಜಾವಕ್ಕೆ ಗಾಳಿ ಎದ್ದಿತ್ತು. ಗೋಡೆಯಾಚೆ ಮೋಟರು ಎಂದಿನಂತೆ ಓಡುತ್ತಿತ್ತು. ಕಿವಿಗೆ ಕೇಳಿಸುತ್ತಿತ್ತು, ಹೆಡ್‌ಫೋನಿಗೆ ಇಲ್ಲ. ಅವಳು ಕಣ್ಣು ಮುಚ್ಚಿದಳು.

ಮೊದಲು ಏನೂ ಇಲ್ಲ.

ಆಮೇಲೆ ತುಂಬಾ ದೂರದಿಂದ... ಜೋಳದ ಹೊಲಕ್ಕೆ ಗಾಳಿ ನುಗ್ಗಿದ ಹಾಗೆ...

ಏರಿತು. ಇಳಿಯಿತು. ಮತ್ತೆ ಏರಿತು!

'ಬಂದ್ಲು... ಬಂದ್ಲು!' ಅವಳ ಪೆನ್ಸಿಲು ಹಾಳೆಯ ಮೇಲೆ ಓಡಿತು. ಎರಡು ನಿಮಿಷ. ಮೂರು...

ಟಪ್ ಎಂದು ಸದ್ದು ಸತ್ತಿತು.

ಗಾಳಿಗೆ ಗಂಟು ಬಿಚ್ಚಿರಬೇಕು! ಅವಳು ಬರಿಗಾಲಲ್ಲಿ ಹೊರಗೆ ಓಡಿದಳು. ಅರ್ಧ ದಾರಿಯಲ್ಲಿ ಅವಳ ಕಾಲು ತಾನಾಗಿ ನಿಂತಿತು.

ಮೂರನೆಯ ಕಂಬಕ್ಕೆ ಏಣಿ ಒರಗಿತ್ತು. ಏಣಿಯ ತುದಿಯಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡ ಒಬ್ಬ ಮನುಷ್ಯ, ಗಾಳಿಗೆ ಹಾರಾಡುವ ತಂತಿಯ ಎರಡು ತುದಿಗಳನ್ನು ಹಿಡಿದೆಳೆದು ಸೇರಿಸುತ್ತಿದ್ದ. ಗೇಟಿನಾಚೆ ಹಳೇ ವ್ಯಾನು.

"ಇಳೀಬೇಡಿ!" ಎಂದು ಕಿರುಚಿದಳು.

"ಇಳಿಯೋಕೆ ಬಂದಿಲ್ಲ! ಹೋಗಿ ಕೇಳಿ!"

ಅವಳು ಕೇಳಿದಳು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಕೈ ಹೆಡ್‌ಫೋನಿನ ಮೇಲೆ, ಒಂದು ಕೈ ಪುಸ್ತಕದ ಮೇಲೆ. ಪೂರ್ವ ಕೆಂಪಾಗುವ ಹೊತ್ತಿಗೆ ಸದ್ದು ನಿಧಾನವಾಗಿ ಅಡಗಿತು. ಸಮಯ ಬರೆದಳು. ನಡುವೆ ತಪ್ಪಿಹೋದ ನಲವತ್ತು ಸೆಕೆಂಡನ್ನೂ ಬರೆದಳು. ಕಾರಣ: ಗಂಟು ಬಿಚ್ಚಿತು. ಗೆರೆ ಎಳೆದಳು.

ಏಣಿಯ ಬುಡಕ್ಕೆ ಬಂದು ನಿಂತಾಗ ಅವನು ಇನ್ನೂ ಮೇಲೆಯೇ ಇದ್ದ.

"ಯಾವಾಗ ಬಂದ್ರಿ?"

"ನಿನ್ನೆ ಸಂಜೆ. ಅಮ್ಮನ ಹತ್ರ ಹೇಳಿದ್ದೆ. ಅವಳ ಕಿವಿ ಕೆಡಿಸ್ಬೇಡಿ, ನಾನು ಬಂದಿರೋದು ಹೇಳ್ಬೇಡಿ ಅಂದೆ."

"ಹೆಚ್ಚುಕಡಿಮೆ ಐದು ವಾರ ಮಾತಾಡ್ದೇ ಇದ್ರಿ."

"ನೀವೂ."

"ಎರಡನೇ ಪುಟ ಓದಿದೆ." ಅವಳು ಏಣಿಯ ಎರಡು ಕಾಲನ್ನು ಗಟ್ಟಿಯಾಗಿ ಹಿಡಿದಳು. "ಅವತ್ತೇ ಓದ್ಬೇಕಿತ್ತು. ನಿಮ್ಮ ಮಾತು ಮುಗಿಸೋಕೆ ಬಿಡಲಿಲ್ಲ. ಅದು ನನ್ನ ತಪ್ಪು."

"ನಿಯಮ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಅದು ನಂದು."

"ವರದಿಯಲ್ಲಿ ಜಾಗ ಇಲ್ಲ ಅಂತ ಬರೆದ್ರಲ್ಲ... ಇಲ್ಲಿ ಜಾಗ ಇದೆ. ಹೇಳಿ."

ಅವನು ಏಣಿಯ ಮೇಲಿನಿಂದ ಕೆಳಗೆ ನೋಡಿದ. 

"ನೀವಿರೋ ಕಡೆ ಇರ್ಬೇಕು ಅಂತ," ಎಂದ ಕೊನೆಗೆ.

"ಮೊದಲೇ ಹೇಳಿಬಿಡ್ತೀನಿ. ನಾನು ಎಲ್ಲಿಗೂ ಬರಲ್ಲ. ಇದೇ ಹುಲ್ಲುಗಾವಲು, ಇದೇ ತಂತಿ. ನಿಮ್ಮ ಕಚೇರಿ ನಕ್ಕರೂ ಅಷ್ಟೇ, ಕರೆದ್ರೂ ಅಷ್ಟೇ. ಕಂಡದ್ದನ್ನ ನಾನೇ ಬರೀತೀನಿ, ನನ್ನ ಸಹಿ ಹಾಕಿ."

"ನಾನು ಬಾ ಅಂದಿಲ್ವಲ್ಲ. ಬರ್ತೀನಿ ಅಂದೆ."

ಡೈರಿಯ ಬಾಗಿಲಿಂದ ಅಮ್ಮನ ದನಿ ಬಂತು. "ಮಾತು ಮುಗೀತಾ? ಹಾಲು ಆರೋಗ್ತಿದೆ! ಇನ್ನೂ ಎಷ್ಟು ಹೊತ್ತು ಅವನ್ನ ಮೇಲೆ ನಿಲ್ಲಿಸ್ತೀಯೇ?"

ಅವಳು ನಕ್ಕಳು. ಎಷ್ಟೋ ವಾರಗಳ ಮೇಲೆ.

"ಒಂದು ಗುರುವಾರದಿಂದ ಏನೂ ಸಾಬೀತಾಗಲ್ಲ, ಗೊತ್ತಲ್ಲ? ಇನ್ನೂ ತುಂಬಾ ಬೇಕು. ಗುರು ಸೂರ್ಯನ ಸುತ್ತ ಒಂದು ಸುತ್ತು ಬರೋವರೆಗಾದ್ರೂ ಕೇಳ್ಬೇಕು."

"ಅದಕ್ಕೆ ಎಷ್ಟು ದಿನ?"

"ಹನ್ನೆರಡು ವರ್ಷ."

ಅವನು ಕೈಯಲ್ಲಿದ್ದ ತಂತಿಯನ್ನು ಇನ್ನೊಮ್ಮೆ ಬಿಗಿಯಾಗಿ ಹಿಡಿದ.

"ಈಗ ಇಳಿದು ಹಾಲು ಕುಡಿದು ಮತ್ತೆ ಹತ್ತಬಹುದಾ?"

"ಇಳಿ," ಎಂದಳು ಅವಳು. ಆ ಏಕವಚನ ಅವಳ ಬಾಯಿಂದ ತಾನಾಗಿ ಬಂದಿತ್ತು. "ನಿಧಾನಕ್ಕೆ. ನಾನು ಹಿಡ್ಕೊಂಡಿದೀನಿ."